ಕೆಂಪು ಬಾಳೆಹಣ್ಣು ತಿಂದ ದಿನ

೧೯೯೩ರ ಜೂನ್ ತಿಂಗಳ ಆ ಬುಧವಾರ ಬೆಳಿಗ್ಗೆ ಕಲಬುರಗಿಯ ಮೇಲೆ ಮೋಡ ಕವಿದಿತ್ತು. ಮಳೆ ಮಾತ್ರ ಬೀಳಲೊಲ್ಲದು. ಧೂಳುಗಾಳಿ ನಮ್ಮ ಬಡಾವಣೆ ಖೂಬಾ ಪ್ಲಾಟಿನ ಗೇಟುಗಳನ್ನು ಒಂದೊಂದಾಗಿ ಬಡಿಯುತ್ತ ಹೋಗುತ್ತಿತ್ತು. ನಾನು ದೇವರ ಮುಂದೆ ಜಪಕ್ಕೆ ಕೂತಿದ್ದೆ. ಮೂರು ಸಲ ಎಣಿಕೆ ತಪ್ಪಿತು. ನಾಲ್ಕನೆಯ ಸಲ ಪಕ್ಕದ ಮನೆಯಲ್ಲಿ ತಾಟು ಬಿದ್ದ ಸದ್ದು. ಅದರ ಹಿಂದೆಯೇ ಸರಸ್ವತೀಬಾಯಿಯ ದನಿ.

"ನಾಳಿಗೆ ಕುಬಸ ಇಲ್ಲ. ಸಂಜಿ ಆರರ ಬಸ್ಸಿಗೆ ಇಕಿ ಕಮಲಾಪುರಕ್ಕ ಹೋಗ್ತಾಳ. ತಿರುಗಿ ಬರೋದು ಬ್ಯಾಡ."

ಮಾಲೆ ಇಟ್ಟು ಓಡಿದೆ. ಅವರ ಸೊಸೆ ಅನಸೂಯಾ ಗೋಡೆಗೆ ಒರಗಿ ನಿಂತಿದ್ದಳು. ಏಳು ತಿಂಗಳ ಬಸುರಿ. ಸೀಮಂತದ ಕುಬಸಕ್ಕೆಂದು ನಿನ್ನೆ ತಾನೇ ಅವಳ ಕೈಗಿಟ್ಟಿದ್ದ ಹಸಿರು ಸೀರೆಯನ್ನು ಸರಸ್ವತೀಬಾಯಿ ಟ್ರಂಕಿಗೆ ಹಾಕಿ ಕೀಲಿ ತಿರುಗಿಸುತ್ತಿದ್ದರು. ಮಗ ಗೋಪಾಲನ ಕೈಯಲ್ಲಿ ಒಂದು ಚೀಟಿ.

"ಏನಾತೋ?"

"ಓದ್ರಿ ಮಾಸ್ತರ. ರಕ್ತದ ಚೀಟಿ. ಇಕಿದು ನೆಗೆಟಿವ್ ರಕ್ತ, ಅದು ಮೊದಲೇ ಗೊತ್ತಿತ್ತು. ಈಗ ಅದರಾಗ ಪಾಸಿಟಿವ್ ರಕ್ತದ ವೈರಿಗಳು ಹುಟ್ಟ್ಯಾವಂತ. ಭಾಳ ಹುಟ್ಟ್ಯಾವಂತ."

"ಅಂದ್ರ?"

ಉತ್ತರ ಕೊಟ್ಟವರು ಸರಸ್ವತೀಬಾಯಿ. "ಮೊದಲನೇ ಬಸಿರಿಗೆ ಹಿಂಗ ಇರಂಗಿಲ್ಲಂತ, ಹಣಮಂತರಾಯ. ಇದಕ್ಕ ಮೊದಲ ಯಾವಾಗರೆ ಬಸರಾಗಿತ್ತೇನು ಅಂತ ಡಾಕ್ಟರಬಾಯಿ ನನ್ನ ಮುಂದ ಕೇಳಿದ್ರು. ಲಗ್ನ ಆಗಿ ಹನ್ನೊಂದು ತಿಂಗಳು. ಲೆಕ್ಕ ಕಲಿಸಿದ ಮಾಸ್ತರು ನೀವು. ನೀವ ಹಾಕ್ರಿ."

"ಕಾಕಾ," ಅನಸೂಯಾ ಮೆಲ್ಲಗೆ ಅಂದಳು, "ನನಗ ಬೇಕಾದ್ದು ಅನ್ನಲಿ. ಈ ವಾರದಾಗ ಹೈದರಾಬಾದಿಗೆ ಒಯ್ಯದಿದ್ರ ಕೂಸು ಉಳಿಯಂಗಿಲ್ಲ ಅಂದಾರ."

"ಒಯ್ಯೋರು ತವರವರು ಒಯ್ಯಲಿ."

ಗೋಪಾಲ ಹೆಂಡತಿಯ ಕಡೆ ನೋಡದೆ ಚೀಟಿಯನ್ನು ನನ್ನ ಕೈಗಿಟ್ಟ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಚೀಟಿಯ ಕೆಳಗಿನ ಸಹಿ ನೋಡಿದೆ. ಬುರ್ಹಾನುದ್ದೀನ್. ನಲವತ್ತು ವರ್ಷದಿಂದ ನನ್ನ ಗೆಳೆಯ.

ಬುರ್ಹಾನುದ್ದೀನನ ಮನೆ ಮೋಮಿನಪುರದಲ್ಲಿ, ರಕ್ತಪರೀಕ್ಷೆಯ ಅಂಗಡಿ ಶಹಾಬಜಾರದ ಓಣಿಯಲ್ಲಿ. ಕಳೆದ ವರ್ಷ ಒಂದು ಮನೆಯ ಕಳವನ್ನು ಬರೀ ನೊಣಗಳು ಕೂತ ಜಾಗ ನೋಡಿ ಹಿಡಿದಿದ್ದ. ಎರಡು ಮುರುಕು ಹಲ್ಲು, ಮುರಿಯದ ಹಟ. ನನ್ನ ಮಾತು ಕೇಳಿ ಅವನು ಕೂರಲಿಲ್ಲ. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಚಹಾ ಆರಿ ಕೆನೆಗಟ್ಟಿತು.

"ನಿನ್ನಿಂದ ತಪ್ಪಾಗಿರಬಹುದಲ್ಲೋ?"

"ಮೂರು ಸಲ ನೋಡೀನಿ, ಮಾಸ್ತರ್ ಸಾಬ್. ತಪ್ಪಾಗಿದ್ರ ಛಲೋ ಇತ್ತು, ಮಾಫಿ ಕೇಳಿ ಮುಗಸ್ತಿದ್ದೆ. ರಕ್ತ ಖರೇ ಹೇಳೇದ. ನಾವು ಓದೋದ್ರಾಗ ಎಡವಿದ್ದೀವಿ."

"ತಿಳಿಯೋ ಹಂಗ ಹೇಳು."

"ಊರಾಗ ಕಾವಲಿಗೆ ತಳವಾರ ಇರ್ತಾನಲ್ಲ? ಹೊರಗಿನವ ಮೊದಲ ಸಲ ಬಂದಾಗ ತಳವಾರ ಲಗೂನ ಹಿಡ್ಯಾಂಗಿಲ್ಲ. ಮುಖ ನೋಡಿ ಇಟಗೋತಾನ. ಹತ್ತು ವರ್ಷ ಬಿಟ್ಟು ಅದೇ ಮುಖ ಬಂತೋ, ಅಗಸಿ ಬಾಗಲದಾಗ ಬಡೀತಾನ. ರಕ್ತದಾಗಿನ ಬಿಳೀ ಕಣ ಹಂಗ. ಇಕಿ ಮೈಯೊಳಗಿನ ತಳವಾರ ಪಾಸಿಟಿವ್ ರಕ್ತದ ಮುಖ ಹಿಂದ ಯಾವಾಗೋ ನೋಡ್ಯಾನ. ಈಗ ಹೊಟ್ಟಿಯೊಳಗಿನ ಕೂಸಿಗೆ ಅದೇ ಮುಖ."

"ಹಿಂದ ಅಂದ್ರ ಯಾವಾಗ? ಹ್ಯಾಂಗ?"

"ಬರೋದಕ್ಕ ದಾರಿ ಎರಡು. ಒಂದು ಬಸಿರು. ಇನ್ನೊಂದು ರಕ್ತದ ಬಾಟ್ಲಿ. ಮೂರನೇದು ಇದ್ರ—" ಅವನು ಟೊಪ್ಪಿಗೆ ತಲೆಗಿಟ್ಟ. "ಏಳ್ರಿ. ನನ್ನ ಚೀಟಿ ಒಂದು ಮನಿ ಒಡ್ಯಾಕತ್ತೇದ."

ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಕೈ ಮಾಡಿದಲ್ಲೆಲ್ಲ ನಿಂತಿತು. ನಾನು ನಾಮಸ್ಮರಣೆ ಮಾಡುತ್ತಿದ್ದೆ, ನಡುನಡುವೆ ಗಡಿಯಾರ ನೋಡುತ್ತಿದ್ದೆ. ಕಮಲಾಪುರ ಮುಟ್ಟಿದಾಗ ಹನ್ನೆರಡು. ಅನಸೂಯಾಳ ತಾಯಿ ಇಂದೂಬಾಯಿ ಪಡಸಾಲೆಯಲ್ಲಿ ಚಾಪೆ ಹಾಸಿದರು. ಸುದ್ದಿ ಕೇಳಿ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಮಗಳಿಗೆ ಯಾವಾಗರೆ ರಕ್ತದ ಬಾಟ್ಲಿ ಏರಿಸಿದ್ರೇನ್ರೀ?"

"ಇಲ್ರೀ."

"ಆಪರೇಶನ್?"

"ಇಲ್ಲ."

"ದೊಡ್ಡ ಬ್ಯಾನಿ?"

"ಏನೂ ಇಲ್ರೀ. ಊರಿಗೆಲ್ಲ ಗೋವರ, ಅದೇ ದಡಾರ, ಬಂದಾಗ್ಲೂ ಅಕಿಗೆ ಬರಲಿಲ್ಲ. ಆಗ ಐದು ವರ್ಷದಾಕಿ. ನಮ್ಮ ಮಗ ಬಂಡೂಗ ಮೈತುಂಬ ಕೆಂಪಗ ಎದ್ದಿತ್ತು. ಓಣ್ಯಾಗ ಎರಡು ಕೂಸು ಹೋದ್ವು. ದೇವಿ ಮನಿಗೆ ಬಂದಾಗ ಸೂಜಿ ಮುಟ್ಟಸಬಾರದಲ್ಲ? ಬೇವಿನ ಸೊಪ್ಪು, ಮೊಸರನ್ನ, ಅಷ್ಟ. ಇವೆರಡೂ ಒಂದೇ ಹಾಸಿಗ್ಯಾಗ ಮಲಗತಿದ್ವು, ಒಂದೇ ತಾಟಿನಾಗ ಉಣ್ಣತಿದ್ವು. ಆದ್ರೂ ಅನಸೂಯಾಗ ಒಂದು ಗುಳ್ಳಿ ಏಳಲಿಲ್ಲ. ತಾಯಿ ಕೃಪಾ."

ಪಡಸಾಲೆಯಲ್ಲಿ ಅತ್ತಿತ್ತ ಹೆಜ್ಜೆ ಹಾಕುತ್ತಿದ್ದ ಬುರ್ಹಾನುದ್ದೀನ್ ನಿಂತ.

"ಆ ದಿನದಾಗ ಅಕಿಗೆ ಬ್ಯಾರೆ ಏನಾರ ಆಗಿತ್ತೇನು? ಬಿದ್ದದ್ದು, ಎದ್ದದ್ದು?"

"ಎರಡು ದಿನ ಕುಂಟತಿದ್ಳು. ಅವರಪ್ಪ ತೋಟಕ್ಕ ಕರಕೊಂಡು ಹೋಗಿ ಕೆಂಪು ಬಾಳಿಹಣ್ಣು ಕೊಡಿಸಿದ್ರು. ಅಲ್ಲೇ ಬಿದ್ಳಂತ."

"ಮತ್ತ ಅವರಪ್ಪ? ಅವರ ಕೈಗೇನಾಗಿತ್ತು?"

ಇಂದೂಬಾಯಿ ತಲೆ ಎತ್ತಿದರು. "ಕೈಗೆ? ಏನೂ ಇಲ್ಲ. ಆದ್ರ ನಾಕು ದಿನ ಸಂಧ್ಯಾವಂದನಿಗೂ ಶಲ್ಯ ಹೊದ್ದೇ ಕೂತಿದ್ರು. ಬಿಸಲಗಾಲ. ಬೆವರು ಇಳ್ಯಾಕತ್ತೇದ, ತಗೀರಿ ಅಂತ ಬೈದೆ. ತಗೀಲಿಲ್ಲ. ಅವರು ಹೋಗಿ ಆರು ವರ್ಷಾತು. ಅದನ್ನ ಯಾಕ ಕೇಳಾಕತ್ತೀರಿ?"

ಬುರ್ಹಾನುದ್ದೀನ್ ತನ್ನ ಚೀಲ ಬಿಚ್ಚಿದ. ಅವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದ, ಚೀಲದ ಗಾಜಿನ ಮೇಲೆ ಔಷಧ ಹಾಕಿ ನೋಡಿದ. ಕಾಲೇಜಿನಲ್ಲಿ ರಕ್ತ ಕೊಟ್ಟಾಗ ಬಂಡುವಿಗೆ ಸಿಕ್ಕ ಕಾರ್ಡನ್ನು ತರಿಸಿ ಓದಿದ. ಕೊನೆಗೆ ಒಂದೇ ಪ್ರಶ್ನೆ.

"ಆಗ ಊರಿನ ದವಾಖಾನ್ಯಾಗ ಕಂಪೌಂಡರ್ ಯಾರಿದ್ರು?"

"ಖಂಡೆಪ್ಪ. ಈಗ ರಿಟಾಯರ್ ಆಗ್ಯಾನ. ಹಿಂದಿನ ಓಣಿ."

ಬುರ್ಹಾನುದ್ದೀನ್ ಆ ಮನೆಯೊಳಗೆ ಒಬ್ಬನೇ ಹೋದ. ನಾನು ಬೇವಿನ ಮರದ ಕೆಳಗೆ ನಿಂತೆ. ಹೊರಬಂದಾಗ ಜೊತೆಗೆ ಒಬ್ಬ ಮುದುಕ ಇದ್ದ. ಕೈಯಲ್ಲಿ ಕೊಡೆ. ಮೂವರೂ ಕಲಬುರಗಿಯ ಬಸ್ಸು ಹತ್ತಿದೆವು.

ಖೂಬಾ ಪ್ಲಾಟ್ ಮುಟ್ಟಿದಾಗ ಐದೂವರೆ. ಅನಸೂಯಾ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಬರ್ರಿ," ಸರಸ್ವತೀಬಾಯಿ ಅಂದರು. "ಈಗ ಯಾರ ಸಾಕ್ಷಿ ಹಿಡಕೊಂಡು ಬಂದೀರಿ?"

"ಇಕಿ ಮೈಯಾಗ ಪರರ ರಕ್ತ ಹೋಗೇದ, ಬಾಯಿ. ಅದು ಖರೇ," ಬುರ್ಹಾನುದ್ದೀನ್ ನಿಂತೇ ಹೇಳಿದ. "ಹೋಗುವಂಗ ಮಾಡಿದವನ ಹೆಸರು ಹೇಳಾಕ ಬಂದೀನಿ."

ಗೋಪಾಲ ಬಾಗಿಲ ಚೌಕಟ್ಟು ಹಿಡಿದ.

"ಇಕಿ ಅಪ್ಪ."

ಅನಸೂಯಾ ತಿರುಗಿ ಅವನತ್ತ ನೋಡಿದಳು.

"ಗೋವರ ಬಂದ ಕೂಸಿನ ಸಂಗಾಟ ಒಂದೇ ತಾಟಿನಾಗ ಉಂಡು ಇಕಿಗ್ಯಾಕ ಬರಲಿಲ್ಲ? ಅವರವ್ವ ತಾಯಿ ಕೃಪಾ ಅಂದ್ರು. ಇರಬಹುದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದೇ ದಿನ ಇಕಿ ಕುಂಟಿದ್ದು ಯಾಕ? ಬಿಸಲಗಾಲದಾಗ ಅವರಪ್ಪ ಸಂಧ್ಯಾವಂದನಿಗೆ ತೋಳು ಮುಚ್ಚಿದ್ದು ಯಾಕ? ಆಗಿನ ಕಾಲದಾಗ ಒಂದು ಪದ್ಧತಿ ಇತ್ತು. ಗೋವರ ಬಂದುಹೋದ ದೊಡ್ಡವರ ರಕ್ತ ತಗದು ಕೂಸಿನ ತೊಡಿಗೆ ಚುಚ್ಚೋದು. ದೊಡ್ಡವರ ಮೈ ಕಲ್ತ ಪಾಠ ಕೂಸಿಗೆ ಕೆಲವು ದಿನ ಕಾವಲಿರ್ತಿತ್ತು. ಖಂಡೆಪ್ಪ, ಹೇಳ್ರಿ."

ಮುದುಕ ಕೊಡೆಯ ಮೇಲೆ ಭಾರ ಹಾಕಿದ. "ಓಣ್ಯಾಗ ಎರಡನೇ ಕೂಸು ಹೋದ ದಿನ ಬಂದಿದ್ರು ರಾಯರು. ಹುಡುಗಿ ಕೈಯಾಗ ಅರ್ಧ ತಿಂದ ಬಾಳಿಹಣ್ಣಿತ್ತು. ಅವರ ತೋಳಿಂದ ತಗದೆ, ಕೂಸಿನ ತೊಡಿಗೆ ಕೊಟ್ಟೆ. ಮನ್ಯಾಗ ದೇವಿ ಅದಾಳ, ಸೂಜಿ ಮುಟ್ಟಿಸಿದ್ದು ತಿಳಿದ್ರ ಹೆಂಡ್ತಿ ಎದಿ ಒಡಕೋತಾಳ, ಯಾರಿಗೂ ಹೇಳಬ್ಯಾಡ ಅಂತ ಕೈ ಹಿಡಕೊಂಡ್ರು. ಹದಿನೇಳು ವರ್ಷ ಹೇಳಲಿಲ್ರೀ. ಇವತ್ತ ಹೇಳಿದೆ."

"ಅವರಪ್ಪನ ರಕ್ತ ಪಾಸಿಟಿವ್ ಅಂತ ನಿನಗ ಹ್ಯಾಂಗ ಗೊತ್ತು?" ನಾನು ಕೇಳಿದೆ.

"ಇಂದೂಬಾಯಿ ನೆಗೆಟಿವ್, ಬಂಡು ಪಾಸಿಟಿವ್. ತಾಯಿ ಹತ್ರ ಇಲ್ಲದ್ದು ಮಗನಿಗೆ ಮತ್ತೆಲ್ಲಿಂದ ಬರಬೇಕು? ಅಪ್ಪ ಮಗಳಿಗೆ ಜೀವ ಕೊಟ್ಟ, ಬಾಯಿ. ಅದರ ಸಂಗಾಟ ಮೊಮ್ಮಗನ ವೈರಿನೂ ಕೊಟ್ಟು ಹೋದ. ಅವನಿಗೆ ತಿಳಿದಿರಲಿಲ್ಲ."

ಅವನು ಹೊಸ್ತಿಲ ಹತ್ತಿರ ಕುಳಿತ. "ಒಂದು ಮಾತು. ಬಸುರಿ ಹೊಟ್ಟಿಯೊಳಗಿನ ಕೂಸು ಅರ್ಧ ಹೊರಗಿನದು, ಗಂಡನ ಮನಿದು. ಆದ್ರೂ ತಾಯಿ ಮೈಯಾಗಿನ ತಳವಾರರು ಅದನ್ನ ಒಳಗ ಕರಕೋತಾರ, ಒಂಬತ್ತು ತಿಂಗಳು ಕಾಯ್ತಾರ. ಹ್ಯಾಂಗ ಅಂತ ದೊಡ್ಡ ಡಾಕ್ಟರರಿಗೂ ಪೂರಾ ತಿಳಿದಿಲ್ಲ. ಇಲ್ಲಿ ತಳವಾರ ತಪ್ಪು ತಿಳಕೊಂಡಾನ. ನಾವೂ ತಪ್ಪು ತಿಳಕೊಂಡ್ರ ಕೂಸಿಗೆ ಯಾರು?"

ಸರಸ್ವತೀಬಾಯಿ ಒಳಗೆ ಹೋದರು. ಗೋಪಾಲ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು, ಹೈದರಾಬಾದಿನ ಗಾಡಿ ಎಷ್ಟಕ್ಕೆ ಎಂದು ನನ್ನನ್ನು ಕೇಳಿದ. ಹೊರಗೆ ಗಾಳಿ ನಿಂತಿತ್ತು. ಒಳಗೆ ಟ್ರಂಕಿನ ಕೀಲಿ ತಿರುಗಿತು.

ಸರಸ್ವತೀಬಾಯಿ ಹೊರಬಂದು ಸೊಸೆಯ ಪಕ್ಕ, ಅದೇ ಮೆಟ್ಟಿಲ ಮೇಲೆ ಕುಳಿತರು. ಮುಖ ನೋಡಲಿಲ್ಲ. ಹಸಿರು ಸೀರೆಯನ್ನು ಎರಡೂ ಕೈಯಿಂದ ಅವಳ ಮಡಿಲಿಗಿಟ್ಟು, ಮಡಿಕೆ ಸರಿಮಾಡಿದರು.

"ನಿಂದು," ಅಂದರು.