‘ಹಾರ್ಟಿನ ಚಾಬಿ’ ಹಾಡಿದವ

“ಹಾರ್ಟಿನ ಚಾಬಿ ಐತೇನ್ರಿ?”

ಕೌಂಟರಿನ ಆಚೆ ನಿಂತ ಎತ್ತರದ ಮನುಷ್ಯ ಹೀಗೆ ಕೇಳಿದಾಗ ಪಂಪಮ್ಮನಿಗೆ ನಗು ತಡೆಯಲಾಗಲಿಲ್ಲ. ಅವನು ಕೇಳಿದ್ದು ಒಂದು ಕ್ಯಾಸೆಟ್ಟನ್ನೇ. ಆದರೆ ಕೇಳಿದ ರೀತಿ ಮಾತ್ರ ತಲೆನೋವಿನ ಗುಳಿಗೆ ಕೇಳುವವನ ಹಾಗಿತ್ತು. ದನಿ ಮೆಲ್ಲಗೆ, ಕಣ್ಣು ಇನ್ನೆಲ್ಲೋ.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಮಸ್ಕಿಯ ಬಸ್ ಸ್ಟ್ಯಾಂಡಿನ ಎದುರು ಪಂಪಮ್ಮನ ಅಪ್ಪ ಕರಿಬಸಪ್ಪನವರದು ಕ್ಯಾಸೆಟ್ ಅಂಗಡಿ. ಅಪ್ಪ ಮಾಲು ತರಲು ಹೋದಾಗಲೆಲ್ಲ ಗಲ್ಲಾದ ಮೇಲೆ ಮಗಳೇ ಕೂರುತ್ತಿದ್ದಳು. ಆ ಕಾಲದಲ್ಲಿ ಒಂದು ಹಿಟ್ ಆಲ್ಬಂ ಬಂತೆಂದರೆ ಹಬ್ಬವಿದ್ದ ಹಾಗೆ. ಮುಂಜಾನೆ ಲಿಂಗಸುಗೂರಿನ ಹೋಟೆಲಿನಲ್ಲಿ ಶುರುವಾದ ಹಾಡು ಮಧ್ಯಾಹ್ನ ಮಸ್ಕಿಯ ಕಟಿಂಗ್ ಶಾಪಿಗೆ ಬಂದು, ಸಂಜೆಗೆ ಸಿಂಧನೂರಿನ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಓಡಾಡುತ್ತಿತ್ತು. ಪ್ರೀತಿಯಲ್ಲಿ ಸೋತವರಿಗೆ ಅಳಿಸುವ ಹಾಡು, ಲಾರಿಯವರಿಗೆ ಖವ್ವಾಲಿ, ಹಿರಿಯರಿಗೆ ವಚನ. ಯಾರಿಗೆ ಯಾವುದು ಬೇಕೆಂದು ಮುಖ ನೋಡಿಯೇ ಹೇಳುತ್ತಿದ್ದಳು ಪಂಪಮ್ಮ. ಚಲೋ ಹಾಡು ಯಾವುದು, ಕೆಟ್ಟ ಹಾಡು ಯಾವುದು ಎಂಬ ವಿಷಯದಲ್ಲಿ ಅವಳ ಮಾತೇ ಕೊನೆ.

‘ಹಾರ್ಟಿನ ಚಾಬಿ’ ಆ ವಾರವಷ್ಟೇ ಬಂದಿತ್ತು. ಕವರಿನ ಮೇಲೆ ಕಪ್ಪು ಕನ್ನಡಕ ಹಾಕಿ, ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡ ಯಾರೋ ಜಿ. ಕುಮಾರ್. ಹಾಕಿ ತೋರಿಸಿರೆಂದು ಗಿರಾಕಿ ಕೇಳಿದ. ಪಂಪಮ್ಮ ಡೆಕ್ಕಿಗೆ ಹಾಕಿದಳು.

‘ಬೇಬಿ ಬೇಬಿ, ನೀನೇ ನನ್ನ ಹಾರ್ಟಿನ ಚಾಬಿ...’ ಎಂದು ಹಾಡು ಎದ್ದಿತು. ಹಿಂದೆ ಡಬ್ಬ ಉರುಳಿಸಿದ ಹಾಗೆ ಡಿಸ್ಕೊ ಸದ್ದು, ನಡುವೆ ಕಾರಣವಿಲ್ಲದೆ ನಾಯಿ ಬೊಗಳಿದಂಥ ಒಂದು ಮ್ಯೂಸಿಕ್ಕು. ಪಂಪಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಡುವವನು ಲಿಂಗಸುಗೂರಿನಲ್ಲೂ ಬಾರಿಸುವವನು ಸಿಂಧನೂರಿನಲ್ಲೂ ಕೂತು ಮಾಡಿದ ಹಾಗಿದೆ ಎಂದಳು. ಇದರ ಬದಲು ಬೇರೆ ಒಯ್ಯಿರಿ, ನಾನೇ ಆರಿಸಿ ಕೊಡುತ್ತೇನೆ ಎಂದಳು.

“ದನಿ ಹೆಂಗೈತ್ರಿ?” ಎಂದ ಅವನು.

ಪಂಪಮ್ಮ ಮತ್ತೊಮ್ಮೆ ಕಿವಿಗೊಟ್ಟಳು. “ದನಿ ಚಲೋ ಐತ್ರಿ,” ಎಂದಳು. “ಪಾಪ, ಅದರ ಕುತ್ತಿಗಿ ಮ್ಯಾಲ ಯಾರೋ ಕುಂತಾರ.”

ಅಷ್ಟರಲ್ಲಿ ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಓಡಿಸುವ ಬಾಬುಸಾಬ್ ರಸ್ತೆಯಿಂದಲೇ ಕೂಗಿದ, ನಿನ್ನ ಕ್ಯಾಸೆಟ್ ನೀನೇ ಖರೀದಿ ಮಾಡಾಕತ್ತೀಯೇನಲೇ ಕುಮಾರ್, ಎಂದು.

ಪಂಪಮ್ಮನ ನಗು ಅಲ್ಲೇ ನಿಂತಿತು. ಕವರಿನ ಮೇಲಿನ ಕನ್ನಡಕ, ಕೆಂಪು ವಸ್ತ್ರ ಬಿಟ್ಟು ನೋಡಿದರೆ ಅದೇ ಮೂಗು, ಅದೇ ಗದ್ದ. ಅವಳು ಟೇಪು ನಿಲ್ಲಿಸಲು ಹೋಗಿ ದನಿ ಇನ್ನೂ ಜೋರು ಮಾಡಿಬಿಟ್ಟಳು. ಅವನು ಮಾತ್ರ ಬೇಸರವಿಲ್ಲದೆ ನಕ್ಕು, ತನ್ನ ನಿಜವಾದ ಹೆಸರು ಗಿಡ್ಡಪ್ಪ ಎಂದ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದವನ ಹೆಸರು ಗಿಡ್ಡಪ್ಪ! ಅವಳು ತುಟಿ ಕಚ್ಚಿ ಹಿಡಿದಳು. “ನಗ್ರಿ. ಎಲ್ಲಾರೂ ನಗತಾರ,” ಎಂದು ಅವನೇ ಅಪ್ಪಣೆ ಕೊಟ್ಟ.

ಗಿಡ್ಡಪ್ಪ ಹಟ್ಟಿಯ ಚಿನ್ನದ ಗಣಿಯವನು. ಕಾರ್ಮಿಕರನ್ನು ನೆಲದ ಒಳಕ್ಕೆ ಇಳಿಸುವ ಲಿಫ್ಟಿನಲ್ಲಿ ಅವರ ಜೊತೆ ಹೋಗಿ ಬರುವುದು ಅವನ ಕೆಲಸ. ಇದೆಲ್ಲ ಪಂಪಮ್ಮನಿಗೆ ಗೊತ್ತಾದದ್ದು ನಿಧಾನಕ್ಕೆ, ರಜೆ ಸಿಕ್ಕಾಗಲೆಲ್ಲ ಅವನು ಮಸ್ಕಿಗೆ ಬರತೊಡಗಿದ ಮೇಲೆ. ಹಾಡು ಕಲಿಯಬೇಕೆಂಬುದು ನೆಪ. ಅವಳು ಅಪ್ಪನ ಕಪಾಟಿನಿಂದ ಹಳೆಯ ಆಲ್ಬಮ್ಮುಗಳನ್ನು ತೆಗೆದು ಹಾಕುವಳು. ಅವನು ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳುವನು. ಅವನ ಕಣ್ಣು ಮುಚ್ಚಿದಾಗಲೆಲ್ಲ ಅವಳ ಕಣ್ಣು ಅವನ ಮೇಲೆ. ಒಮ್ಮೆ ಅವನು ಥಟ್ಟನೆ ಕಣ್ಣು ತೆರೆದ. ಅವಳು ಗೋಡೆಯ ಗಡಿಯಾರ ನೋಡಿದಳು. ಅದು ಕೆಟ್ಟು ನಿಂತು ವರ್ಷವಾಗಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು.

ಇಂಥ ಚಲೋ ದನಿ ಇದ್ದು ಆ ದರಿದ್ರ ಹಾಡು ಯಾಕೆ ಹಾಡಿದಿರೆಂದು ಕೇಳಿಯೇಬಿಟ್ಟಳು ಒಂದು ದಿನ. ಸ್ಟುಡಿಯೋದವರು ಈಗ ಡಿಸ್ಕೊ ಅಷ್ಟೇ ಓಡುತ್ತದೆ ಎಂದರಂತೆ. ಅದಕ್ಕಿಂತ ಮೊದಲು ಅವನು ಹಾಡುತ್ತಿದ್ದುದು ಲಿಫ್ಟಿನಲ್ಲಿ ಮಾತ್ರ.

“ಕೆಳಗ ಇಳಿಯೋ ಮುಂದ ಯಾರೂ ಮಾತಾಡಂಗಿಲ್ರಿ,” ಎಂದ ಗಿಡ್ಡಪ್ಪ. “ಎಲ್ಲಾರಿಗೂ ಮನಿ ನೆಪ್ಪಾಗ್ತೈತಿ. ಆ ಕತ್ತಲದಾಗ ಒಬ್ಬರಾದ್ರೂ ದನಿ ತಗೀಬೇಕಲ್ಲ. ಅದಕ್ಕ ಹಾಡ್ತೀನಿ.”

ಪಂಪಮ್ಮನಿಗೆ ಅಂದು ಗಿರಾಕಿಗಳ ಕಡೆ ಲಕ್ಷ್ಯವಿರಲಿಲ್ಲ. ವಚನ ಕೇಳಿದ ಮುದುಕನಿಗೆ ಖವ್ವಾಲಿ ಕೊಟ್ಟು ಕಳಿಸಿದಳು.

ಈ ನಡುವೆ ಯಾರೂ ಎಣಿಸದಿದ್ದದ್ದು ನಡೆಯಿತು. ‘ಹಾರ್ಟಿನ ಚಾಬಿ’ ಹಿಟ್ ಆಯಿತು. ಬಾಬುಸಾಬ್ ತನ್ನ ಟ್ರ್ಯಾಕ್ಸಿನಲ್ಲಿ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಅದನ್ನೇ ಹಾಕಿಕೊಂಡು ತಿರುಗಿದ. ಮದುವೆಯ ಬ್ಯಾಂಡಿನವರು ಅದನ್ನೇ ಬಾರಿಸಿದರು. ನಾಟಿ ಹಚ್ಚುವ ಹೆಂಗಸರು ಸೊಂಟ ನೋಯುವಾಗ ‘ಬೇಬಿ ಬೇಬಿ’ ಎಂದು ಒಬ್ಬರನ್ನೊಬ್ಬರು ಛೇಡಿಸಿದರು. ಕೊಂಡವರೆಲ್ಲ ನಗುವುದಕ್ಕೇ ಕೊಂಡರು. ಕರಿಬಸಪ್ಪನವರು ಮುಖ ಸಿಂಡರಿಸಿಕೊಂಡೇ ಮತ್ತೆ ಮತ್ತೆ ಮಾಲು ತರಿಸಿದರು.

ಆಗ ಸಿಂಧನೂರಿನ ಒಂದು ಯುವಕ ಸಂಘದವರು ಗಿಡ್ಡಪ್ಪನನ್ನು ಸಂಜೆಯ ಕಾರ್ಯಕ್ರಮಕ್ಕೆ ಕರೆದರು. ಆ ಸಂಘದವರೇ ಕೆಲವರು ಮಸ್ಕಿಯ ಅಂಗಡಿಗೆ ಬಂದಾಗ ಆಡಿಕೊಂಡದ್ದು ಪಂಪಮ್ಮನ ಕಿವಿಗೆ ಬಿತ್ತು. ಕರೆಸುವುದು ಹಾಡಿಸಲಿಕ್ಕಲ್ಲ, ಕುಣಿಸಿ ಮಜಾ ನೋಡಲಿಕ್ಕೆ. ಮೊದಲು ನಕ್ಕವಳು ತಾನೇ ಅಲ್ಲವೇ ಎಂದು ಅವಳಿಗೆ ಅನಿಸಿತು. ಗಿಡ್ಡಪ್ಪ ಬಂದಾಗ ಹೋಗಬೇಡಿ ಎಂದಳು. ಅವನಿಗೆ ಅದು ಮೊದಲೇ ತಿಳಿದಿತ್ತು. “ನಾ ಹೋಗಲಿಲ್ಲಂದ್ರ ಅವರು ನಗೋದು ಬಿಡತಾರೇನ್ರಿ?” ಎಂದಷ್ಟೇ ಹೇಳಿದ.

ಪಕ್ಕದಂಗಡಿಯ ಟೇಲರ್ ಮೆಹರಬಾನುವನ್ನು ಜೊತೆ ಮಾಡಿಕೊಂಡು, ಬಾಬುಸಾಬನ ಟ್ರ್ಯಾಕ್ಸ್ ಹತ್ತಿ ಪಂಪಮ್ಮನೂ ಸಿಂಧನೂರಿಗೆ ಹೋದಳು. ಹೊತ್ತು ಇನ್ನೂ ಮುಳುಗಿರಲಿಲ್ಲ, ಮೈದಾನ ಆಗಲೇ ತುಂಬಿತ್ತು. ಗಿಡ್ಡಪ್ಪ ಕನ್ನಡಕವಿಲ್ಲದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ನಿಂತ. ಹಾಡಿನ ಮೊದಲ ಸಾಲಿಗೇ ಸಿಳ್ಳೆ. ಯಾರೋ ನಾಯಿಯ ಹಾಗೆ ಬೊಗಳಿದರು, ಜನ ಬಿದ್ದು ಬಿದ್ದು ನಕ್ಕರು. ಮೆಹರಬಾನು ಪಂಪಮ್ಮನ ಕೈ ಹಿಡಿದುಕೊಂಡಳು.

ಗಿಡ್ಡಪ್ಪ ಹಾಡು ನಿಲ್ಲಿಸಿ, ಬ್ಯಾಂಡಿನವರಿಗೂ ಸುಮ್ಮನಿರಲು ಸನ್ನೆ ಮಾಡಿದ.

“ಹಾಡು ಕೆಟ್ಟೈತಿ ಅಂತ ನನಗೂ ಗೊತ್ತೈತಿ,” ಎಂದ ಮೈಕಿನಲ್ಲಿ. “ಮಸ್ಕಿಯಾಗ ಒಬ್ಬರು ನನ್ನ ಮುಖದ ಮ್ಯಾಲೇ ಹೇಳ್ಯಾರ. ಆದ್ರ ನಿಮಗೆಲ್ಲಾ ಬಾಯಿಪಾಠ ಆಗೈತಲ್ಲ? ಹಂಗಾರ ಕೂಡೇ ಹಾಡೋಣು ಬರ್ರಿ.”

ಈ ಸಲ ಡಿಸ್ಕೊ ಇಲ್ಲದೆ, ಚಪ್ಪಾಳೆಯ ತಾಳಕ್ಕೆ, ಗಣಿಯ ಲಿಫ್ಟಿನಲ್ಲಿ ಹಾಡುವ ಹಾಗೆ ಹಾಡಿದ. ಸಿಳ್ಳೆ ಹಾಕಿದವರೇ ಮೊದಲು ದನಿ ಕೂಡಿಸಿದರು. ನೋಡುನೋಡುತ್ತ ಮೈದಾನವೆಲ್ಲ ಹಾಡತೊಡಗಿತು. ನಗುತ್ತಿದ್ದರು ನಿಜ, ಆದರೆ ಅದು ಅವನ ಮೇಲಿನ ನಗುವಲ್ಲ, ಅವನ ಜೊತೆಗಿನ ನಗು. ಹಾಡು ಮುಗಿಯುವ ಹೊತ್ತಿಗೆ ಪಂಪಮ್ಮನಿಗೆ ತನ್ನ ಗಂಟಲು ಒಣಗಿದ್ದು ತಿಳಿಯಿತು. ಚಲೋದು ಕೆಟ್ಟದ್ದು ಆರಿಸುವ ಅವಳೂ ಒಂದು ಮಾತು ತಪ್ಪದೆ ಆ ದರಿದ್ರ ಹಾಡನ್ನು ಹಾಡಿದ್ದಳು.

ಮುಂದಿನ ರಜೆಯ ಮಧ್ಯಾಹ್ನ ಅವನು ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಡೆಕ್ಕು ಬಂದ್ ಆಗಿತ್ತು. ಸ್ಟುಡಿಯೋದವರು ಇನ್ನೊಂದು ಕ್ಯಾಸೆಟ್ ಮಾಡೋಣ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ. ಅವಳು ಕೌಂಟರಿನ ಗಾಜನ್ನು ಒರೆಸುತ್ತಲೇ ಇದ್ದಳು.

“ಹಾಡೋದು ಬಿಡೋದು ನಿಮ್ಮ ಖುಷಿ,” ಎಂದಳು. ಆಮೇಲೆ ಬಟ್ಟೆ ಬದಿಗಿಟ್ಟು ತಲೆ ಎತ್ತಿದಳು. “ಗಿಡ್ಡಪ್ಪಾ, ಹಾಡಿನ ಮಾತು ಕೇಳಾಕ ನೀ ಹಟ್ಟಿಯಿಂದ ಇಷ್ಟು ದೂರ ಬರತೀಯೇನು?”

‘ರೀ’ ಹೋಗಿ ‘ನೀ’ ಬಂದದ್ದು ತಿಳಿದು ಅವನು ಕಿವಿಯವರೆಗೂ ಕೆಂಪಾದ. “ಇಲ್ಲ,” ಎಂದ. “ಮೊದಲನೇ ದಿನ ಹಾಡಿಗೆ ಬಂದಿದ್ದೆ. ಆಮ್ಯಾಲ ಬಂದಿದ್ದೆಲ್ಲ ನಿನಗ.”

“ಹಂಗಾರ ನಮ್ಮಪ್ಪಗ ನಾ ಹೇಳತೀನಿ,” ಎಂದಳು ಪಂಪಮ್ಮ.

ಹೇಳುವುದು ಸುಲಭವಿರಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯವರ ಸಂಬಂಧವೊಂದನ್ನು ಕರಿಬಸಪ್ಪನವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮರುದಿನ ಬೆಳಿಗ್ಗೆ ಅವರು ಸಿಕ್ಕಿಹಾಕಿಕೊಂಡ ಟೇಪೊಂದನ್ನು ಬಿಡಿಸುತ್ತ ಕೂತಿದ್ದರು. ಪಂಪಮ್ಮ ಎದುರು ಕೂತು ಎಲ್ಲವನ್ನೂ ಹೇಳಿದಳು. ಹೆಸರು, ಊರು, ಗಣಿಯ ಕೆಲಸ, ಕೊನೆಗೆ ಸಿಂಧನೂರಿಗೆ ಹೋಗಿದ್ದನ್ನೂ. ಅಪ್ಪ ತಲೆ ಎತ್ತಲಿಲ್ಲ.

“ಆ ಬೇಬಿ ಬೇಬಿ ಅನ್ನಾವನ?” ಎಂದರು.

“ಹೌದಪ್ಪಾ. ಅವನ.”

ಅವರ ಬೆರಳು ಟೇಪಿನ ಮೇಲೆ ನಿಂತಿತು. ಹೊರಗೆ ಲಿಂಗಸುಗೂರಿನ ಬಸ್ಸು ಬಂದು, ಜನರನ್ನು ಇಳಿಸಿ, ಹೊರಟೂ ಹೋಯಿತು. ಪಂಪಮ್ಮ ಕೂತಲ್ಲೇ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕರಿಬಸಪ್ಪನವರು ಟೇಪನ್ನು ಪಕ್ಕಕ್ಕಿಟ್ಟು ಎದ್ದರು. ಗೂಟದ ಮೇಲಿನ ಟೊಪ್ಪಿಗೆ ತೆಗೆದು, ಧೂಳು ಕೊಡವಿ, ತಲೆಯ ಮೇಲೆ ಇಟ್ಟುಕೊಂಡರು.

“ಹಟ್ಟಿ ಕಡೆ ಬಸ್ಸು ಇನ್ನ ಎಷ್ಟೊತ್ತಿಗೈತಿ, ಕೇಳಿಕೊಂಡು ಬಾ,” ಎಂದರು. “ಅವರ ಮನಿ ಮಂದಿನ ನಾ ನೋಡಬೇಕಲ್ಲ.”