ಇದನ್ನ ಓಡಿಸೋರು ಯಾರು?

"ಯಾರ್ರೀ ಇದನ್ನ ತೊಳೆದಿದ್ದು?!"

ಅವಳು ಬೆಚ್ಚಿಬಿದ್ದಳು. ಎಂಜಿನ್ ಮೆಕ್ಯಾನಿಕ್‌ನ ಕೈಯಲ್ಲಿ ಅವಳೇ ತಂದಿದ್ದ ಬಿಸ್ಕತ್ತಿನ ಡಬ್ಬಿ. ಒಳಗೆ ಎಂಟು ಟ್ಯಾಪೆಟ್‌ಗಳು ಫಳಫಳ ಹೊಳೆಯುತ್ತಿದ್ದವು.

"ನಾನೇ. ಎಣ್ಣೆ ಮೆತ್ಕೊಂಡಿತ್ತು. ಸೀಮೆಎಣ್ಣೆ ಹಾಕಿ ತೊಳೆದೆ. ತಪ್ಪಾ?"

"ತೊಳೆದಿದ್ದು ತಪ್ಪಲ್ಲ. ಎಂಟನ್ನೂ ಒಂದೇ ಡಬ್ಬಿಗೆ ಸುರಿದಿದ್ದು ತಪ್ಪು! ಯಾವುದು ಯಾವ ಜಾಗದ್ದು ಅಂತ ಈಗ ಇವನ್ನೇ ಕೇಳ್ಬೇಕು."

"ಎಲ್ಲಾ ಒಂದೇ ಥರ ಇದಾವಲ್ಲ..."

"ಒಂದೇ ಮನೇಲಿ ಹುಟ್ಟಿದ ಎಂಟು ಮಕ್ಕಳು ಒಂದೇ ಥರ ಇರ್ತಾರಾ ಮೇಡಂ?"

ಅವನು ಬೆಂಚಿನ ಮೇಲಿಂದ ಉದ್ದನೆಯ ಕಬ್ಬಿಣದ ದಂಡವೊಂದನ್ನು ಎತ್ತಿದ. ಅದರ ಮೈತುಂಬ ಮೊಟ್ಟೆಯಾಕಾರದ ಉಬ್ಬುಗಳು.

"ಇದು ಕ್ಯಾಮ್ ಶಾಫ್ಟ್. ಈ ಉಬ್ಬು ತಿರುಗಿ ಟ್ಯಾಪೆಟ್‌ನ ತಳ್ಳುತ್ತೆ, ವಾಲ್ವ್ ತೆರೆಯುತ್ತೆ. ಎಂಜಿನ್ ಉಸಿರಾಡೋದೇ ಹೀಗೆ. ಐವತ್ತು ವರ್ಷ ಉಜ್ಜಿ ಉಜ್ಜಿ ಪ್ರತಿ ಉಬ್ಬಿಗೂ ಅದರದೇ ಟ್ಯಾಪೆಟ್ ಹೊಂದಿಕೊಂಡಿದೆ. ಅದಲು ಬದಲು ಹಾಕಿದ್ರೆ ಒಂದನ್ನೊಂದು ತಿಂದುಹಾಕ್ತವೆ."

"ಹಾಗಾದ್ರೆ...?"

"ಹಳೇದರ ಕಥೆ ಮುಗೀತು. ಹೊಸ ಕ್ಯಾಮ್, ಹೊಸ ಟ್ಯಾಪೆಟ್. ಯಾವ ಕ್ಯಾಮ್ ಬೇಕು ಅಂತ ನಿಮ್ಮನೆಯವರನ್ನ ಕೇಳ್ಕೊಂಡು ಬನ್ನಿ. ಬಿಚ್ಚಿರೋದು ಅವರೇ ತಾನೆ? ಒಳ್ಳೇ ಕೈ. ಒಂದೊಂದು ಬೋಲ್ಟಿಗೂ ಚೀಟಿ ಕಟ್ಟಿದಾರೆ."

ಗಂಟಲಿಗೆ ಒಂದು ಮಾತು ಬಂತು. ಅವಳು ಅದನ್ನು ನುಂಗಿಕೊಂಡಳು.

"ಕೇಳ್ತೀನಿ," ಎಂದಳು.

ಯಾರನ್ನು ಕೇಳುವುದು?

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಪುಟ್ಟ ಹಸಿರು ಬ್ರಿಟಿಷ್ ಕಾರಿನ ಎಂಜಿನ್ನನ್ನು ಭಾನುವಾರ ಬಿಚ್ಚಿಟ್ಟವನು ಬುಧವಾರ ಎದೆ ಹಿಡಿದುಕೊಂಡು ಕುಸಿದಿದ್ದ. ಟ್ಯಾಪೆಟ್‌ಗಳನ್ನು ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಟ್ಟು, ಪೆನ್ಸಿಲ್ಲಿನಲ್ಲಿ ಒಂದರಿಂದ ಎಂಟರವರೆಗೆ ಬರೆದಿದ್ದ.

ಅವಳ ಕೈಗಳು ಸುಮ್ಮನಿರುತ್ತಿರಲಿಲ್ಲ. ಕಪಾಟು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಒಂದು ದಿನ ಒರೆಸಲು ಏನೂ ಉಳಿಯದೆ ಟ್ಯಾಪೆಟ್‌ಗಳನ್ನು ತೊಳೆದು, ಎಣ್ಣೆ ಹಿಡಿದ ಟ್ರೇಯನ್ನು ಎಸೆದಿದ್ದಳು.

'ಅವರಿಲ್ಲ' ಎಂಬ ಮಾತನ್ನು ಈವರೆಗೆ ಅವಳು ಯಾರಿಗೂ ಹೇಳಿರಲಿಲ್ಲ. ನೆಂಟರಿಗೆ ಅತ್ತೆ ಹೇಳಿದ್ದರು. ಅವಳು ಕಿವಿ ಪರೀಕ್ಷೆ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಎಲ್ಲರಿಗೂ ತಾನಾಗಿಯೇ ತಿಳಿದಿತ್ತು. ಅವಳ ಬಾಯಿಂದ ಮಾತ್ರ ಅದು ಹೊರಟಿರಲಿಲ್ಲ.

ಮನೆಯಲ್ಲಿ ಗಂಡನ ನೋಟ್‌ಬುಕ್ ತೆರೆದಳು. 'ಕ್ಯಾಮ್: 286.' ಕೆಳಗೆ ಎರಡು ಗೆರೆ.

ಮರುದಿನ ಸಂಜೆ ಆಸ್ಪತ್ರೆಯಿಂದ ನೇರ ಗ್ಯಾರೇಜಿಗೆ ಬಂದಳು.

"ಇನ್ನೂರ ಎಂಬತ್ತಾರು ಡಿಗ್ರಿನಾ?!" ಅವನು ನಕ್ಕೇಬಿಟ್ಟ. "ರೇಸಿಗೆ ಹೋಗ್ತಾರಾ?"

"ಅವರಿಗೆ ಅದೇ ಬೇಕಂತೆ."

"ಮೇಡಂ, ಡಿಗ್ರಿ ಜಾಸ್ತಿ ಆದಷ್ಟೂ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತೆ. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಹುಲಿ. ಅದಕ್ಕಿಂತ ಕೆಳಗೆ ಇಲಿ! ಸಿಗ್ನಲ್ಲಲ್ಲಿ ನಿಂತ್ರೆ ಗಡಗಡ ನಡುಗುತ್ತೆ. ಇನ್ನೂರ ಅರವತ್ತಾರು ಹಾಕ್ಸಿ. ಕೆಳಗಿಂದಲೇ ಎಳೆಯುತ್ತೆ, ಊರೊಳಗೆ ಆರಾಮ."

"ಅವರು ಒಪ್ಪಲ್ಲ."

"ಇದನ್ನ ಓಡಿಸೋರು ಯಾರು? ಮೊದಲು ಅದು ಹೇಳಿ. ಕ್ಯಾಮ್ ಆರಿಸೋದು ಎಂಜಿನ್ ನೋಡಿ ಅಲ್ಲ, ಓಡಿಸೋರನ್ನ ನೋಡಿ."

"...ಕೇಳ್ಕೊಂಡು ಬರ್ತೀನಿ."

ಹೀಗೆ ಶುರುವಾಯಿತು.

ಅವನೊಂದು ಪ್ರಶ್ನೆ ಕೇಳುವನು. ಅವಳು ನೋಟ್‌ಬುಕ್ಕಿನಲ್ಲಿ ಉತ್ತರ ಹುಡುಕಿ ಮರುದಿನ ತರುವಳು. ಎರಡು ಕಾರ್ಬ್ಯುರೇಟರ್ ಹಾಕಿದರೆ ಸರಿಹೋಗುತ್ತಂತೆ. ವಾಲ್ವ್ ಸ್ಪ್ರಿಂಗ್ ಗಟ್ಟಿಯದು ಹಾಕಬೇಕಂತೆ.

"ನಿಮ್ಮನೆಯವರು ಮಹಾ ಮೊಂಡರು ಕಣ್ರೀ!"

"ಹೌದು, ಮೊದಲಿಂದಲೂ ಹಾಗೇ!" ಎಂದು ಅವಳು ನಕ್ಕಳು. ತನ್ನ ನಗು ತನಗೇ ಕೇಳಿಸಿ ತಟಕ್ಕನೆ ನಿಲ್ಲಿಸಿದಳು.

ಎರಡು ವರ್ಷಗಳಿಂದ ಎಲ್ಲರೂ ಗಂಡನನ್ನು ಹೊಗಳುತ್ತಲೇ ಇದ್ದರು. ಎಂಥಾ ಹುಡುಗ, ಚಿನ್ನದಂಥಾ ಹುಡುಗ... ಈ ಮೆಕ್ಯಾನಿಕ್ ಒಬ್ಬನೇ ಅವನೊಡನೆ ಜಗಳವಾಡುತ್ತಿದ್ದ. ಜಗಳ ನಡೆಯುವಷ್ಟು ಹೊತ್ತು ಗಂಡ ಪಕ್ಕದ ಕೋಣೆಯಲ್ಲಿ ಇದ್ದಂತಿತ್ತು.

ಆದರೆ ದಿನ ಕಳೆದಂತೆ ಇನ್ನೊಂದೂ ಆಗತೊಡಗಿತು. ಆಸ್ಪತ್ರೆಯ ಗಡಿಯಾರ ಐದಕ್ಕೆ ಬರುವ ಮುಂಚೆಯೇ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. 'ನಾನು ಹೋಗ್ತಿರೋದು ಯಾರಿಗೋಸ್ಕರ?' ಎಂದು ಕೇಳಿಕೊಂಡಳು. ಉತ್ತರ ಬರುವ ಮೊದಲೇ ಬ್ಯಾಗು ಎತ್ತಿಕೊಂಡಳು.

ಆ ಸಂಜೆ ಅವನು ತಲೆ ಎತ್ತಲಿಲ್ಲ.

"ನಾಳೆಯಿಂದ ನೀವು ಬರಬೇಡಿ. ಅವರನ್ನೇ ಕಳಿಸಿ. ಇಲ್ಲಾಂದ್ರೆ ಫೋನ್ ಮಾಡಿಸಿ."

"ಯಾಕೆ? ನಾನು ಕೇಳಿದ್ದು ಜಾಸ್ತಿ ಆಯ್ತಾ?"

"ಜಾಸ್ತಿ ಆಯ್ತು," ಎಂದ ಅವನು. ಒಂದೇ ನಟ್ಟನ್ನು ಮೂರನೇ ಸಲ ಒರೆಸುತ್ತಿದ್ದ. "ದಯವಿಟ್ಟು... ಬರಬೇಡಿ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. 'ಬೇಜಾರಾಗಿರಬೇಕು. ಕೆಲಸ ಕೆಡಿಸುವ ಗಿರಾಕಿ ನಾನು!'

ಬೇರೊಬ್ಬರ ಹೆಂಡತಿಯ ಹೆಜ್ಜೆಯ ಸದ್ದಿಗೆ ತಾನು ಕಾಯುತ್ತಿದ್ದೇನೆ ಎಂದು ಅವನಿಗೆ ಅಂದು ಬೆಳಿಗ್ಗೆಯಷ್ಟೇ ತಿಳಿದಿತ್ತು. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅವಳು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ಓಡಾಡಿದಳು.

"ಕೂತ್ಕೋ ಮಾರಾಯ್ತಿ, ನೆಲ ಸವೆದುಹೋಗುತ್ತೆ. ಏನಾಯ್ತು?"

"ಗ್ಯಾರೇಜಿಗೆ ಇವರನ್ನೇ ಕಳಿಸಬೇಕಂತೆ ಅತ್ತೆ."

ದಿನಾ ಗ್ಯಾರೇಜಿನ ಜಗಳದ ಕಥೆ ಕೇಳುತ್ತಿದ್ದ ಅತ್ತೆಯ ಕೈ ನಿಂತಿತು. "ನನ್ನ ಮಗ ಇಲ್ಲ ಅಂತ ನೀನು ಹೇಳೇ ಇಲ್ವಾ?"

ಅವಳು ಬಟಾಣಿ ಸಿಪ್ಪೆ ಗುಡಿಸತೊಡಗಿದಳು.

"ಇಷ್ಟು ದಿನ ಸತ್ತವನ ಕೈಲಿ ಜಗಳ ಆಡಿಸ್ತಿದ್ಯಾ?!" ಅತ್ತೆ ನಕ್ಕರೋ ಅತ್ತರೋ, ಸೆರಗಿನಿಂದ ಮುಖ ಒರೆಸಿಕೊಂಡರು. "ಅವನು ಬದುಕಿದ್ದಾಗ ಅವನ ಒಂದು ಮಾತೂ ಕೇಳ್ತಿರಲಿಲ್ಲ ನೀನು. ಈಗ ಯಾಕಮ್ಮಾ ಇಷ್ಟು ವಿಧೇಯತೆ?"

"ಅತ್ತೆ..."

"ಹೋಗ್ಲಿ, ನಿನಗೆ ಯಾವುದು ಬೇಕು? ಅದೇನೋ ದಂಡ."

ನನಗೆ?

ಆ ಪ್ರಶ್ನೆ ಅವಳ ತಲೆಗೇ ಬಂದಿರಲಿಲ್ಲ. ದಿನಾ ಆಸ್ಪತ್ರೆಗೆ ಹೋಗುವ ದಾರಿ, ಒಂಬತ್ತು ಸಿಗ್ನಲ್ಲು, ಸೇತುವೆಯ ಏರು... ಅವಳು ಫೋನ್ ಎತ್ತಿಕೊಂಡಳು.

"ಇನ್ನೂರ ಅರವತ್ತಾರೇ ಹಾಕಿ."

"ಅವರು ಒಪ್ಪಿದ್ರಾ?"

"ಓಡಿಸೋಳು ನಾನು."

ಮುಂದಿನ ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. ಫೋನ್ ಇಟ್ಟುಬಿಟ್ಟಳು.

ಮೂರು ವಾರದ ನಂತರ ಸಂದೇಶ ಬಂತು. 'ಶನಿವಾರ ಹನ್ನೊಂದಕ್ಕೆ ಮೊದಲ ಸ್ಟಾರ್ಟ್. ಇಬ್ಬರೂ ಬನ್ನಿ.'

ಅವಳು ಒಬ್ಬಳೇ ಹೋದಳು. ಅವನು ಅವಳ ಹಿಂದೆ ಬಾಗಿಲ ಕಡೆ ನೋಡಿದ. "ಅವರು ಬರಲಿಲ್ವಾ?"

ಅವಳು ಅಡ್ಡಡ್ಡ ತಲೆಯಾಡಿಸಿದಳು. ಅಷ್ಟೇ.

"ಸರಿ. ಹೊಸ ಕ್ಯಾಮಿಗೆ ಮೊದಲ ಇಪ್ಪತ್ತು ನಿಮಿಷವೇ ಹಣೆಬರಹ. ಎಂಜಿನ್ ಎರಡು ಸಾವಿರಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಇಳಿದ್ರೆ ಉಬ್ಬಿಗೆ ಎಣ್ಣೆ ಸಾಲಲ್ಲ, ಸವೆದುಹೋಗುತ್ತೆ. ನಾನು ಕೈ ತೆಗೆಯೋ ಹಾಗಿಲ್ಲ, ನೀವು ಮಾತಾಡಿಸೋ ಹಾಗಿಲ್ಲ."

ಎಂಜಿನ್ ಒಮ್ಮೆ ಕೆಮ್ಮಿತು. ಎರಡು ಸಲ. ಆಮೇಲೆ ಗುಡುಗಿತು!

ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ತಗಡಿನ ಗೋಡೆಗಳು ನಡುಗಿದವು. ಅವನು ವೇಗ ಇಳಿಯದಂತೆ ಕಾರ್ಬ್ಯುರೇಟರ್ ಮೇಲೆ ಕೈಯಿಟ್ಟು ಮೀಟರ್ ನೋಡುತ್ತಿದ್ದ. ಎದುರಿಗೆ ನಿಂತ ಅವಳು ಅಭ್ಯಾಸಬಲದಿಂದ ಅಳೆದಳು. ನೂರು ಡೆಸಿಬಲ್ ದಾಟಿದೆ. ಈ ಸದ್ದಿನಲ್ಲಿ ಯಾವ ಕಿವಿಗೂ ಮಾತು ಕೇಳಿಸುವುದಿಲ್ಲ.

ಯಾವ ಕಿವಿಗೂ...

ಅವಳು ಬಾಯಿ ತೆರೆದಳು.

"ಅವರಿಲ್ಲ."

ಆಕಾಶ ಬೀಳಲಿಲ್ಲ. ಎಂಜಿನ್ ಓಡುತ್ತಲೇ ಇತ್ತು.

"ಅವರಿಲ್ಲ. ಹೋಗಿ ಎರಡು ವರ್ಷ ಆಯ್ತು. ನಾನು ಕೇಳ್ಕೊಂಡು ಬಂದಿದ್ದೆಲ್ಲ ಅವರ ನೋಟ್‌ಬುಕ್ಕಿಂದ. ಸುಳ್ಳು ಹೇಳಿದೆ. ನೀವು ಬರಬೇಡಿ ಅಂದ್ಮೇಲೆ ಸಂಜೆ ಹೇಗೆ ಕಳೆಯೋದು ಅಂತಾನೇ ಗೊತ್ತಾಗ್ತಿಲ್ಲ. ನನಗೆ ನಿಮ್ಮನ್ನ ನೋಡ್ಬೇಕು. ದಿನಾ..."

ಮೀಟರಿನ ಮುಳ್ಳು ಸರಕ್ಕನೆ ಇಳಿಯಿತು! ಎರಡು ಸಾವಿರದ ಗೆರೆ ಮುಟ್ಟುವಷ್ಟರಲ್ಲಿ ಅವನ ಕೈ ಅದನ್ನು ಮೇಲೆತ್ತಿತು. ಅವನು ಮೀಟರ್ ನೋಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿದ್ದ.

ಅವಳು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು.

ಗಿರಣಿಯವರು, ಗ್ಯಾರೇಜಿನವರು, ಗದ್ದಲದಲ್ಲಿ ದುಡಿಯುವವರೆಲ್ಲ ತುಟಿ ನೋಡಿ ಮಾತು ಹಿಡಿಯುತ್ತಾರೆ. ಅಂಥವರನ್ನು ಪರೀಕ್ಷಿಸುವಾಗ ಅವಳೇ ಬಾಯಿಗೆ ಅಡ್ಡ ಕಾಗದ ಹಿಡಿಯುತ್ತಿದ್ದಳು. ಆರು ವರ್ಷದ ಕೆಲಸ... ಇಂದೇ ಮರೆಯಬೇಕಿತ್ತೇ!

ಓಡಿಬಿಡಬೇಕೆನಿಸಿತು. ಬಾಗಿಲಿನವರೆಗೆ ಹೋದಳು. ತಿರುಗಿ ನೋಡಿದಳು.

ಅವನು ಕೈ ಬಿಡುವಂತಿರಲಿಲ್ಲ. ಇನ್ನೂ ಹನ್ನೊಂದು ನಿಮಿಷವಿತ್ತು. ಅವನ ತುಟಿಗಳು ಮಾತ್ರ ಅಲುಗಿದವು.

'ಹೋಗಬೇಡಿ.'

ಅವಳಿಗೂ ಓದಲು ಬರುತ್ತಿತ್ತು.

ನಿಂತಳು. ಹೋದಳು, ಬಂದಳು. ಬೆಂಚಿನ ಮೇಲಿನ ಸ್ಪ್ಯಾನರ್‌ಗಳನ್ನು ಸಾಲಾಗಿ ಇಡಲು ಹೋಗಿ, ಯಾವುದನ್ನೂ ಅದರ ಜಾಗದಿಂದ ಕದಲಿಸಬಾರದೆಂದು ಕೈ ಹಿಂದಕ್ಕೆಳೆದುಕೊಂಡಳು. ಹನ್ನೊಂದು ನಿಮಿಷ ಅಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಎಂಜಿನ್ ನಿಂತಿತು. ಕಿವಿಯೊಳಗೆ ಗುಯ್ ಎನ್ನುವ ಮೌನ.

"ನಾನು ಮೊಂಡರು ಅಂತೆಲ್ಲ ಅಂದೆ ಅವರನ್ನ..." ಅವನು ಕಾರ್ಬ್ಯುರೇಟರ್ ಮೇಲಿಂದ ಕೈ ತೆಗೆದ. "ಕ್ಷಮಿಸಿ."

"ಅವರು ಮೊಂಡರೇ. ನೀವು ಹಾಗಂದಿದ್ದಕ್ಕೇ ನಾನು ಮತ್ತೆ ಬಂದಿದ್ದು."

"ಬರಬೇಡಿ ಅಂದಿದ್ದು ಬೇಜಾರಿಗಲ್ಲ." ಅವನು ಎಣ್ಣೆಗೈ ನೋಡಿಕೊಂಡ. "ಇನ್ನೊಬ್ಬರ ಮನೆಯವರಿಗೋಸ್ಕರ ಕಾಯೋದು ತಪ್ಪಲ್ವಾ? ಅದಕ್ಕೆ."

ಅವಳ ಕಣ್ಣು ತುಂಬಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ. ಅವನು ಬಟ್ಟೆ ಹುಡುಕಿದ. ಸಿಕ್ಕಿದ್ದೆಲ್ಲ ಎಣ್ಣೆಬಟ್ಟೆ. ಅವಳು ಅಳುತ್ತಲೇ ನಕ್ಕಳು.

"ನಾಳೆ ಬನ್ನಿ," ಎಂದ ಅವನು. "ಟ್ಯಾಪೆಟ್ ಗ್ಯಾಪ್ ಇನ್ನೊಂದು ಸಲ ನೋಡ್ಬೇಕು."

"ಅದಕ್ಕೆ ನಾನ್ಯಾಕೆ?"

"ಅದಕ್ಕೆ ಬೇಡ."

"ಮತ್ತೆ?"

"ಸುಮ್ನೆ ಬನ್ನಿ."

"ಯಾರನ್ನೂ ಕೇಳ್ಕೊಂಡು ಬರಬೇಕಾಗಿಲ್ವಾ?"

"ಇಲ್ಲ."

"ಬರ್ತೀನಿ," ಎಂದಳು ಅವಳು.