ಪಿನ್ನಿನ ಡಬ್ಬಿಯಲ್ಲಿ ಕೆಂಪು ಹುಳ

"ಜೀವ ಇರೋ ಹುಳಾನ ಹಂಗ ಚುಚ್ಚತೀರಲ್ಲ, ನಿಮಗ ಕರುಳು ಅನ್ನೂದು ಐತೋ ಇಲ್ಲೋ?"

ತೆಲಂಖೇಡಿ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕೂತವನನ್ನು ವನಜಾಕ್ಷಿ ಮೊದಲ ಸಲ ಮಾತಾಡಿಸಿದ್ದು ಹೀಗೆ. ನಾಗಪುರದಲ್ಲಿ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯ! ಅವನು ತಿರುಗಿ ನೋಡಿ ನಕ್ಕ.

"ಕೈ ಚಾಚ್ರಿ."

ಅಂಗೈಗೆ ಬಿದ್ದದ್ದು ಮೆತ್ತಗಿನ ಕೆಂಪು ಹುಳ. ಅವಳು ಕಿರುಚಿ ಕೊಡವಿದಳು. ಅದು ಹುಲ್ಲಿನ ಮೇಲೆ ಬಿದ್ದು ಸುಮ್ಮನಿತ್ತು.

"ಪ್ಲಾಸ್ಟಿಕ್ ರೀ. ಕರುಳು ಇಲ್ಲದ್ದು ಇದಕ್ಕ, ನನಗಲ್ಲ."

ಅವನು ದತ್ತು. ಕೃಷ್ಣೆಯ ದಂಡೆಯ ಅಂಬಿಗರ ಹುಡುಗ, ಖಾಪರಖೇಡಾದ ಕರೆಂಟ್ ಕಾರ್ಖಾನೆಯಲ್ಲಿ ಹಂಗಾಮಿ ಫಿಟ್ಟರ್. ಅಮೆರಿಕಕ್ಕೆ ಮರಳಿದ ಸಾಹೇಬನೊಬ್ಬ ತಗಡಿನ ಡಬ್ಬಿ ತುಂಬ ಆ ಹುಳಗಳನ್ನು ಕೊಟ್ಟು ಹೋಗಿದ್ದ. ಅವನ ಊರಲ್ಲಿ ಅದರಿಂದ ಬಾಸ್ ಎಂಬ ಮೀನು ಹಿಡಿಯುತ್ತಾರಂತೆ. ಇಲ್ಲಿಯ ಕೊರವ ಮೀನಿಗೂ ರುಚಿ ಹತ್ತಿತ್ತು. ವನಜಾಕ್ಷಿಯೋ, ರೈಲ್ವೆ ಹೆಡ್‌ಕ್ಲಾರ್ಕ್ ರುದ್ರಪ್ಪನವರ ಮಗಳು. ಮೀನಿನ ಹೆಸರು ಕಿವಿಗೆ ಬಿದ್ದರೂ ವಿಭೂತಿ ಹಚ್ಚಿಕೊಳ್ಳುವ ಮನೆ.

ಸೋಮವಾರ ಸೋದರತ್ತೆ ಕಾಶಿಬಾಯಿ ಅವಳನ್ನು ಕರೆದುಕೊಂಡು ಕೆರೆ ಪಕ್ಕದ ಮಹಾದೇವನ ಗುಡಿಗೆ ಬರುತ್ತಿದ್ದಳು. ದತ್ತುವಿನ ರಜೆಯೂ ಸೋಮವಾರವೇ. ಅತ್ತೆಯ ಪ್ರದಕ್ಷಿಣೆ ಮುಗಿಯುವ ತನಕ ಇವರ ಪಾಠ ನಡೆಯುತ್ತಿತ್ತು.

"ನೀರು ರಾಡಿ ಇದ್ದರ ಕರೇ ಹುಳ, ತಿಳಿ ಇದ್ದರ ಕೆಂಪು. ಗಾಳದ ಮೊನಿ ಹುಳದ ಮೈಯಾಗ ಮುಚ್ಚಿಡಬೇಕು, ಜೊಂಡಿಗೆ ಸಿಗೂದಿಲ್ಲ. ಕಚ್ಚಿದ ಕೂಡ್ಲೆ ಜಗ್ಗಬ್ಯಾಡ. ಮೆತ್ತಗೈತಲ್ಲ, ಮೀನು ಉಗಳೂದಿಲ್ಲ. ಆರಾಮ ನುಂಗಲಿ."

"ನಿನಗ ಎಲ್ಲಾದಕ್ಕೂ ಪುರುಸೊತ್ತು. ಧಾರವಾಡದವರು ನನ್ನ ನೋಡಾಕ ಬಂದರೂ ಹಿಂಗ ಕುಂತಿರತಿಯೇನು?"

ಅವನು ದಾರದಿಂದ ಕಣ್ಣು ತೆಗೆಯಲಿಲ್ಲ. ಕಿವಿಗಳು ಮಾತ್ರ ಕೆಂಪಾದವು. ಅದನ್ನು ನೋಡಲೆಂದೇ ಅವಳು ಆ ಮಾತು ಆಡುತ್ತಿದ್ದಳು.

"ನೌಕರಿ ಪಕ್ಕಾ ಆಗಲಿ ವನಜಾ. ಮರುದಿನಾನ ನಿಮ್ಮಪ್ಪನ ಮುಂದ ಬಂದು ನಿಂದರತೀನಿ."

ಒಂದು ಸೋಮವಾರ ಕೆಂಪು ಹುಳವೊಂದನ್ನು ಅವಳ ಕೈಯಲ್ಲಿಟ್ಟ. "ಗಾಜಿನ ಭರಣ್ಯಾಗ ಇಡು. ಪ್ಲಾಸ್ಟಿಕ್ ಡಬ್ಬ್ಯಾಗ ಇಟ್ಟರ ಕರಗಿ ಅಂಟ್ಕೋತೈತಿ."

ಗಾಜಿನ ಭರಣಿಗಳೆಲ್ಲ ಅವ್ವನ ಉಪ್ಪಿನಕಾಯಿಯ ಪಾಲು. ಬೇರೆಯವರ ಕೈ ತಾಗದ ಜಾಗವೆಂದರೆ ತಲೆಪಿನ್ನಿನ ಪ್ಲಾಸ್ಟಿಕ್ ಡಬ್ಬಿ ಒಂದೇ. ಅವಳು ಅದರಲ್ಲೇ ಇಟ್ಟಳು.

ಧಾರವಾಡದವರು ಬಂದೇ ಬಂದರು. ಹುಡುಗಿ ಒಪ್ಪಿಗೆಯಾಗಿ, ಹುಡುಗನ ತಾಯಿ ಹೂ ಮುಡಿಸಲು ಪಿನ್ ಕೇಳಿದರು. ಕಾಶಿಬಾಯಿ ಡಬ್ಬಿ ತೆರೆದಳು.

"ಅಯ್ಯ ಶಿವನ, ಹುಳ!" ಬೀಗತಿ ಕೂಗಿಕೊಂಡರು.

ಹುಳ ಕರಗಿ ತಳಕ್ಕೆ ಕಚ್ಚಿಕೊಂಡಿತ್ತು. ಪಿನ್ನುಗಳೆಲ್ಲ ಕೆಂಪು ಜಿಡ್ಡು. ಪ್ರದಕ್ಷಿಣೆಯ ನಡುವೆ ಕೆರೆಯ ದಂಡೆಯತ್ತ ಕಣ್ಣು ಹಾಯಿಸುತ್ತಿದ್ದ ಕಾಶಿಬಾಯಿಗೆ ಅದು ಯಾರು ಕೊಟ್ಟದ್ದೆಂದು ತಿಳಿದುಹೋಯಿತು. ಅವಳು ತಟ್ಟನೆ ಮುಚ್ಚಳ ಹಾಕಿದಳು.

"ಏನವ್ವಾ ಇದು?" ಬೀಗತಿ ವನಜಾಕ್ಷಿಯನ್ನೇ ಕೇಳಿದರು.

ನಿಜ ಹೇಳಿದರೆ ಈ ಸಂಬಂಧ ಇಲ್ಲಿಗೇ ಮುರಿಯುತ್ತಿತ್ತು. ಅವಳಿಗೆ ಬೇಕಾದದ್ದೂ ಅದೇ. ತಲೆ ಎತ್ತಿದರೆ ಅಪ್ಪ ಕಂಡರು. ಆಫೀಸಿನಲ್ಲಿ ಹತ್ತು ಜನರನ್ನು ನಡುಗಿಸುವ ಮನುಷ್ಯ ಬೀಗರೆದುರು ಕೈ ಜೋಡಿಸಿ ನಿಂತಿದ್ದರು.

"ಮಕ್ಕಳ ಆಟಿಗಿ ಸಾಮಾನ್ರಿ," ಎಂದಳು.

ಎಲ್ಲರೂ ನಕ್ಕರು. ಕಾಶಿಬಾಯಿ ತನ್ನ ತುರುಬಿನ ಪಿನ್ ತೆಗೆದು ಕೊಟ್ಟಳು.

ಮುಂದಿನ ಸೋಮವಾರ ಗುಡಿಯ ಮೆಟ್ಟಿಲ ಹತ್ತಿರ ಅತ್ತೆಯೇ ಹೇಳಿದಳು: "ಇದs ಕಡೀಸಲ. ಜಲ್ದಿ ಹೇಳಿ ಬಾ."

ದತ್ತು ಗಾಳ ತಂದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ.

"ಪಕ್ಕಾ ಆತು ವನಜಾ! ಇವತ್ತ ಸಂಜೀಕ ನಿಮ್ಮನಿಗೆ ಬರತೀನಿ."

ಅವಳು ಡಬ್ಬಿಯನ್ನು ಅವನ ಕೈಗಿಟ್ಟಳು. ತೆರೆದು ನೋಡಿ ನಕ್ಕ. "ಹೇಳಿದ್ದೆ ಇಲ್ಲೋ, ಗಾಜಿನ..." ಅವಳ ಮುಖ ನೋಡಿ ಮಾತು ಅಲ್ಲೇ ನಿಂತಿತು.

"ಹೂ ಮುಡಿಸಿ ಹೋದರು. ಇದೇನಂತ ಕೇಳಿದರು, ಮಕ್ಕಳ ಆಟಿಗಿ ಅಂದೆ."

ಅವನು ಬಹಳ ಹೊತ್ತು ಉಗುರಿನಿಂದ ಹುಳವನ್ನು ಕೀಳಲು ನೋಡಿದ. ಅದು ಬರಲಿಲ್ಲ.

"ನಾನs ಜಗ್ಗಾಕ ತಡಾ ಮಾಡಿದೆ," ಎಂದ.

ಅಲ್ಲ ಅನ್ನಬೇಕೆನಿಸಿತು, ಆದರೆ ಅದು ನಿಜವಾಗಿತ್ತು. "ನೀ ತಡಾ ಮಾಡಿದಿ. ನಾ ಸುಳ್ಳು ಹೇಳಿದೆ," ಎಂದು ಡಬ್ಬಿಯನ್ನು ತಿರುಗಿ ಇಸಿದುಕೊಂಡಳು. ಅವನ ಬೆರಳು ಬಿಸಿಯಾಗಿತ್ತು. ಇನ್ನೊಂದು ಗಳಿಗೆ ನಿಂತರೆ ಹೋಗಲಾರೆ ಎಂದು ಅವಳಿಗೆ ಗೊತ್ತಿತ್ತು.

ಧಾರವಾಡದಲ್ಲಿ ಯಾರಾದರೂ ಆ ಡಬ್ಬಿ ತೆರೆದು ಕೇಳಿಯೇ ಕೇಳುತ್ತಾರೆ. ಗುಡಿಯ ಮೆಟ್ಟಿಲು ಹತ್ತುತ್ತ, ಆಗ ಮತ್ತೆ ಹೇಳಬೇಕಾದ ಆ ಸುಳ್ಳನ್ನು ವನಜಾಕ್ಷಿ ಒಮ್ಮೆ ಹೇಳಿ ನೋಡಿದಳು. ‘ಮಕ್ಕಳ’ ಎಂಬುದರಾಚೆ ಅದು ಸಾಗಲಿಲ್ಲ.